ಉಪ್ಪು ತಿಂದವರು ಯಾರು? ನೀರು ಕುಡಿದವರು ಯಾರು?

2024ನೆಯ ಇಸವಿ ಆಗಸ್ಟ್ ತಿಂಗಳ 7ನೆಯ ತಾರೀಖು. ನಡುರಾತ್ರಿ ಕಳೆದು ಸ್ವಲ್ಪ ಹೊತ್ತಾಗಿತ್ತು. ಕಾರವಾರದ ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವೆ ಕಾಳಿ ಹೊಳೆಗೆ ಹಾಕಿದ್ದ ಹಳೆಯ ಸೇತುವೆ ಮುರಿದು ನೀರಿಗೆ ಬಿತ್ತು. ಗೋವೆಯ ಕಡೆಯಿಂದ ಬರುತ್ತಿದ್ದ ಒಂದು ಲಾರಿಯೂ ಅದರೊಡನೆ ಹೊಳೆಗೆ ಬಿತ್ತು. ಚಾಲಕ ಹೇಗೋ ಹೊರಗೆ ಬಂದು ಲಾರಿಯ ತಲೆಯ ಮೇಲೆ ಹತ್ತಿ ನಿಂತ. ಮೀನುಗಾರರೂ ಪೊಲೀಸರೂ ಕತ್ತಲೆಯಲ್ಲಿ ದೋಣಿ ಹಾಕಿ ಆತನನ್ನು ದಡ ಸೇರಿಸಿದರು. ಒಂದು ಬಡಜೀವ ಉಳಿಯಿತು. ಅದೇ ಸೇತುವೆ ಬೆಳಗಿನ ಎಂಟು ಗಂಟೆಗೆ ಬಿದ್ದಿದ್ದರೆ? ಶಾಲೆಯ ಮಕ್ಕಳ ಬಸ್ಸು, ಸಂತೆಗೆ ಹೋಗುವ ಹೆಂಗಸರ ಟೆಂಪೊ, ಕೂಲಿಗೆ ಹೊರಟವರ ಸೈಕಲ್ಲು ಅದರ ಮೇಲಿದ್ದಿದ್ದರೆ? ಓದುಗರು ತಾವೇ ಊಹಿಸಿಕೊಳ್ಳಲಿ.

ಆ ಸೇತುವೆಗೆ ನಾಲ್ವತ್ತು ವರ್ಷ ದಾಟಿತ್ತಷ್ಟೆ. ನಾಲ್ವತ್ತು ವರ್ಷವೆಂದರೆ ಗಿರಣಿಯಲ್ಲಿ ದುಡಿಯುವ ನಮ್ಮ ಬಾಂಧವನೊಬ್ಬನ ದುಡಿಮೆಯ ಆಯುಷ್ಯ. ಕಲ್ಲು, ಸಿಮೆಂಟು, ಕಬ್ಬಿಣಗಳಿಂದ ಕಟ್ಟಿದ ಸೇತುವೆಗೆ ರಕ್ತಮಾಂಸದ ಕೂಲಿಕಾರನಷ್ಟೂ ತಾಳಿಕೆ ಇಲ್ಲವೆಂದರೆ ಇದು ಯಾವ ಲೆಕ್ಕ? ಕಾಳಿ ಸೇತುವೆ ಬಿದ್ದುದಕ್ಕೆ ಇಂಥದೇ ಕಾರಣವೆಂದು ತೀರ್ಪು ಕೊಡಲು ನಾವು ಕುಳಿತಿಲ್ಲ. ಅದು ಪರಿಣತರ ಕೆಲಸ. ಆದರೆ ಕಡಲ ಸೀಮೆಯಲ್ಲಿ ಸೇತುವೆ ಕೆಟ್ಟಾಗಲೆಲ್ಲ ಇಲಾಖೆಯ ದೊಡ್ಡವರ ಬಾಯಿಂದ ಬರುವ ಒಂದು ಮಾತನ್ನು ಮಾತ್ರ ನಾವು ಇಲ್ಲಿ ವಿಚಾರಣೆಗೆ ಎಳೆಯಬೇಕಾಗಿದೆ. ಆ ಮಾತು ಇದು: “ಏನು ಮಾಡುವುದು, ಕಡಲ ಗಾಳಿ, ಉಪ್ಪು ನೀರು, ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಪ್ರಕೃತಿಯ ಧರ್ಮ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಡಲು ಉಪ್ಪಾದದ್ದು ನಿನ್ನೆ ಮೊನ್ನೆಯಲ್ಲ. ಇಂಜಿನಿಯರ ಸಾಹೇಬರು ನಕ್ಷೆ ಬರೆಯಲು ಕುಳಿತ ದಿನವೂ ಅದು ಉಪ್ಪಾಗಿಯೇ ಇತ್ತು. ಕಂತ್ರಾಟುದಾರರು ಟೆಂಡರಿನ ಲಕೋಟೆಗೆ ಅರಗು ಹಾಕಿದ ದಿನವೂ ಉಪ್ಪಾಗಿಯೇ ಇತ್ತು. ಮಂತ್ರಿಗಳು ಟೇಪು ಕತ್ತರಿಸಿದ ದಿನ ಅವರ ಮೊಗಕ್ಕೆ ಬೀಸಿದ ಗಾಳಿಯೂ ಉಪ್ಪಿನ ಗಾಳಿಯೇ. ಗೊತ್ತಿದ್ದ ಶತ್ರುವಿಗೆ ಬಾಗಿಲು ತೆರೆದಿಟ್ಟು ಕೋಟೆ ಬಿದ್ದ ಮೇಲೆ ಶತ್ರುವನ್ನು ಬೈಯುವವನನ್ನು ಯಾರೂ ಕಾವಲುಗಾರ ಎನ್ನುವುದಿಲ್ಲ.

ನಮಗೇಕೆ ಈ ಗೊಡವೆ?

“ನಾವು ಗಟ್ಟದ ಮೇಲಿನವರು, ನೂಲು ತೆಗೆಯುವವರು, ಕಿರಾಣಿ ಮಾರುವವರು. ಕಡಲ ಸೇತುವೆಯ ಸಿಮೆಂಟಿನ ಗೊಡವೆ ನಮಗೇಕೆ?” ಎಂದು ಕೆಲವು ಮಿತ್ರರು ಕೇಳಬಹುದು. ಅವರಿಗೆ ನಮ್ಮ ಉತ್ತರ ಸರಳ. ನಿಮ್ಮ ಅಂಗಡಿಯ ಉಪ್ಪು, ತೆಂಗು, ಒಣಮೀನು, ಎಣ್ಣೆ ಆ ಸೇತುವೆಗಳ ಮೇಲಿಂದ ಬರುತ್ತವೆ. ನಿಮ್ಮ ಗಿರಣಿಯ ಮಾಲು ಬಂದರಕ್ಕೆ ಹೋಗುವುದು ಸೇತುವೆಗಳ ಮೇಲಿಂದಲೇ. ಸೇತುವೆ ಬಿದ್ದ ಮರುದಿನ ಲಾರಿಯ ಬಾಡಿಗೆ ಏರುತ್ತದೆ. ಅದರ ಮಾರನೆಯ ದಿನ ಸರಕಿನ ದರ ಏರುತ್ತದೆ. ದೊಡ್ಡ ವರ್ತಕ ಗೋದಾಮಿನಲ್ಲಿ ತಿಂಗಳ ದಾಸ್ತಾನು ಇಟ್ಟುಕೊಂಡು ಕಾಯುತ್ತಾನೆ, ಲಾಭವನ್ನೂ ಮಾಡಿಕೊಳ್ಳುತ್ತಾನೆ. ಚಿಕ್ಕ ಅಂಗಡಿಯವನ ಇಡೀ ಬಂಡವಾಳ ದಾರಿಯಲ್ಲಿ ನಿಂತ ಒಂದು ಲಾರಿಯಲ್ಲಿ ಇರುತ್ತದೆ.

ಪಣಜಿಯ ಮಾಂಡವಿ ಹೊಳೆಯ ಸೇತುವೆ 1986ರ ಜುಲೈ 5ರಂದು ಬಿತ್ತು. ಕಟ್ಟಿ ಎರಡು ದಶಕವೂ ತುಂಬಿರಲಿಲ್ಲ. ಅದರೊಳಗಿನ ಬಿಗಿದ ಉಕ್ಕಿನ ತಂತಿಗಳನ್ನು ತುಕ್ಕು ತಿಂದಿತ್ತು. ಹೊಸ ಸೇತುವೆ ಬಳಕೆಗೆ ಬಂದದ್ದು 1992ರಲ್ಲಿ. ಅಲ್ಲಿಯ ತನಕ ಜನ ದೋಣಿ ದಾಟಿದರು. ಆ ವರ್ಷಗಳಲ್ಲಿ ದೋಣಿಗೆ ಕಾದು ಕೂಲಿಯ ಹೊತ್ತು ಕಳೆದುಕೊಂಡವರ ನಷ್ಟ ಯಾವ ಸರಕಾರದ ಜಮಾಖರ್ಚಿನಲ್ಲಿ ಬರೆಯಲ್ಪಟ್ಟಿದೆ?

ತುಕ್ಕು ಕಡಲಿನದೊಂದೇ ಕಾಟವೂ ಅಲ್ಲ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಸವಳು ಜವಳಾದ ನೆಲದ ನೀರಿನಲ್ಲಿ ಉಪ್ಪಿದೆ. ಊರ ಕೊಳಚೆ ಹರಿಯುವ ಹಳ್ಳದಲ್ಲಿ, ಕಾರಖಾನೆಯ ಹೊಲಸು ನೀರು ಬಿಡುವ ನಾಲೆಯಲ್ಲಿ ಕಾಂಕ್ರೀಟನ್ನು ತಿನ್ನುವ ಕ್ಷಾರ ಆಮ್ಲಗಳಿವೆ. ಉಪ್ಪಿಲ್ಲದ ಕಡೆ ಗಾಳಿಯೇ ಮೆಲ್ಲಗೆ ಅದೇ ಕೆಲಸ ಮಾಡುತ್ತದೆ. ಆದುದರಿಂದ ಇದು ಕಾರವಾರದವರ ಕಥೆ ಮಾತ್ರವಲ್ಲ. ನಿಮ್ಮ ಊರ ಹಳ್ಳದ ಮೋರಿಯ ಕಥೆಯೂ ಹೌದು.

ಉಪ್ಪು ದಲಾಳಿ

ಕಿರಾಣಿ ಅಂಗಡಿಯವರಿಗೆ ಯಾವ ಕಾಲೇಜೂ ಕಲಿಸದೆ ಗೊತ್ತಿರುವ ಮಾತೊಂದಿದೆ. ಉಪ್ಪಿನ ಮೂಟೆಯನ್ನು ಕಬ್ಬಿಣದ ತಕ್ಕಡಿಯ ಪಕ್ಕಕ್ಕೆ ಇಡಬಾರದು. ಇಟ್ಟರೆ ಒಂದು ಮಳೆಗಾಲದಲ್ಲಿ ತಕ್ಕಡಿ ಹಾಳು. ಸೇತುವೆಯ ಶಾಸ್ತ್ರವೂ ಇಷ್ಟೆ. ನಡುವೆ ಒಂದು ಗೋಡೆ ಇದೆ, ಆ ಗೋಡೆಯ ಹೆಸರು ಕಾಂಕ್ರೀಟು.

ಸಿಮೆಂಟಿನಲ್ಲಿ ಸುಣ್ಣದ ಗುಣವಿದೆ. ಆ ಸುಣ್ಣದ ಕ್ಷಾರ ಒಳಗಿನ ಉಕ್ಕಿನ ಸರಳಿನ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆಯನ್ನು ಕಟ್ಟುತ್ತದೆ. ಪೊರೆ ಇರುವಷ್ಟು ಕಾಲ ಸರಳಿಗೆ ತುಕ್ಕು ಹಿಡಿಯದು. ಉಪ್ಪಿನಲ್ಲಿರುವ ಕ್ಲೋರೈಡು ನೀರಿನೊಡನೆ ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ಇಳಿದು ಇಳಿದು ಒಂದು ದಿನ ಸರಳನ್ನು ಮುಟ್ಟುತ್ತದೆ, ಪೊರೆಯನ್ನು ಹರಿಯುತ್ತದೆ. ಇಲ್ಲಿ ಒಂದು ಸ್ವಾರಸ್ಯವಿದೆ. ಕ್ಲೋರೈಡು ಆ ಕೆಲಸದಲ್ಲಿ ಖರ್ಚಾಗಿ ಹೋಗುವುದಿಲ್ಲ. ಉಕ್ಕಿನಿಂದ ಕಬ್ಬಿಣವನ್ನು ಕಿತ್ತು ಈಚೆಗೆ ತಂದು, ನೀರು ಗಾಳಿಗಳ ಕೈಗೆ ಒಪ್ಪಿಸಿ, ತಾನು ಬರಿಗೈಯಲ್ಲಿ ಮತ್ತೆ ಒಳಗೆ ಹೋಗುತ್ತದೆ. ಥೇಟು ನಮ್ಮ ಮಾರುಕಟ್ಟೆಯ ದಲಾಳಿಯ ಹಾಗೆ: ಬೆಳೆದವನೂ ಸೊರಗುತ್ತಾನೆ, ಕೊಂಡವನೂ ಸೊರಗುತ್ತಾನೆ, ದಲಾಳಿ ಮಾತ್ರ ಸವೆಯುವುದಿಲ್ಲ.

ತುಕ್ಕಾದ ಕಬ್ಬಿಣ ಮೊದಲಿನ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಕಾಂಕ್ರೀಟಿನೊಳಗೆ ಜಾಗವೆಲ್ಲಿದೆ? ಅದು ಒಳಗಿನಿಂದ ಒತ್ತುತ್ತದೆ, ಕಾಂಕ್ರೀಟು ಸೀಳುತ್ತದೆ. ಸೀಳಿನಿಂದ ಇನ್ನಷ್ಟು ನೀರು, ಇನ್ನಷ್ಟು ಉಪ್ಪು. ಆಮೇಲೆ ಅಡಿಯಿಂದ ಸಿಮೆಂಟಿನ ಚಕ್ಕೆಗಳು ಉದುರುತ್ತವೆ, ಕಂದು ಬಣ್ಣದ ಕಲೆ ಹರಿಯುತ್ತದೆ, ಸರಳು ಪಕ್ಕೆಲುಬಿನ ಹಾಗೆ ಹೊರಗೆ ಕಾಣುತ್ತದೆ. ಸೇತುವೆಯ ಕೆಳಗೆ ಬಲೆ ಬೀಸುವ ಮೀನುಗಾರ ಇದನ್ನು ಹತ್ತು ವರ್ಷ ಮೊದಲೇ ಕಂಡಿರುತ್ತಾನೆ. ಮೇಲೆ ಮೋಟಾರಿನಲ್ಲಿ ಹೋಗುವ ಅಧಿಕಾರಿಗೆ ಕಾಣುವುದು ಹೊಸ ಡಾಂಬರು ಮಾತ್ರ.

ಬಿಗಿದ ತಂತಿಗಳ ಸೇತುವೆಯ ಸಂಗತಿ ಇನ್ನೂ ಕಠಿಣ. ಅಲ್ಲಿ ಉಕ್ಕಿನ ತಂತಿಗಳನ್ನು ಕೊಳವೆಯಲ್ಲಿ ತೂರಿಸಿ, ವೀಣೆಯ ತಂತಿಯಂತೆ ಬಿಗಿದು, ಕೊಳವೆಗೆ ಸಿಮೆಂಟಿನ ಹಾಲು ತುಂಬುತ್ತಾರೆ. ಹಾಲು ಪೂರ್ತಿ ತುಂಬದೆ ಪೊಳ್ಳು ಉಳಿದರೆ ತುಕ್ಕು ಅಲ್ಲಿ ಕದ್ದು ಕುಳಿತುಕೊಳ್ಳುತ್ತದೆ. ಹೊರಗೆ ಕಲೆಯಿಲ್ಲ, ಸೀಳಿಲ್ಲ. ಒಂದು ದಿನ ತಂತಿ ಹರಿಯುತ್ತದೆ, ಸೇತುವೆ ಬೀಳುತ್ತದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ 1985ರಲ್ಲಿ ಒಂದು ಚಿಕ್ಕ ಸೇತುವೆ ಹೀಗೆಯೇ ಸದ್ದಿಲ್ಲದೆ ಬಿತ್ತು. 1992ರಲ್ಲಿ ಆ ದೇಶದವರು ಇಂಥ ಹೊಸ ಸೇತುವೆಗಳನ್ನು ಕಟ್ಟುವುದನ್ನೇ ಕೆಲವು ವರ್ಷ ನಿಲ್ಲಿಸಿ, ವಿಧಾನವನ್ನು ತಿದ್ದಿಕೊಂಡು ಮತ್ತೆ ಆರಂಭಿಸಿದರು. ತಪ್ಪು ಕಂಡಾಗ ಕೆಲಸ ನಿಲ್ಲಿಸುವ ಧೈರ್ಯವೂ ಒಂದು ಇಂಜಿನಿಯರಿಂಗ್ ವಿದ್ಯೆಯೇ.

ಒಂದಂಗುಲದ ಕಳವು

ಸೇತುವೆಯ ಎಲ್ಲ ಅಂಗಗಳಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಮೇಲ್ಹಾಸು. ಇಂಜಿನಿಯರರು ಅದನ್ನು ಡೆಕ್ ಸ್ಲ್ಯಾಬು ಎನ್ನುತ್ತಾರೆ. ಕಂಬ ನಿಂತಲ್ಲಿ ನಿಂತಿರುತ್ತದೆ, ತೊಲೆ ನೆರಳಿನಲ್ಲಿರುತ್ತದೆ. ಮೇಲ್ಹಾಸು ಮಾತ್ರ ಬಿಸಿಲು, ಮಳೆ, ಉಪ್ಪು, ಲಾರಿಯ ಗಾಲಿ ಎಲ್ಲವನ್ನೂ ಬೆನ್ನಿನ ಮೇಲೆ ಹೊರುತ್ತದೆ. ಸಮಾಜದಲ್ಲಿ ಹಮಾಲನಿದ್ದ ಹಾಗೆ. ಹಮಾಲನ ಬೆನ್ನಿಗೆ ಯಾರೂ ಲಕ್ಷ್ಯ ಕೊಡುವುದಿಲ್ಲ, ಅದು ಮುರಿಯುವ ತನಕ.

ಈ ಮೇಲ್ಹಾಸನ್ನು ತುಕ್ಕಿನಿಂದ ಕಾಪಾಡುವ ಮೊದಲ ಉಪಾಯ ಯಾವ ಗುಪ್ತವಿದ್ಯೆಯೂ ಅಲ್ಲ. ಸರಳಿನ ಮೇಲೆ ಸಾಕಷ್ಟು ದಪ್ಪ ಕಾಂಕ್ರೀಟು ಇರಬೇಕು. ಆ ದಪ್ಪಕ್ಕೆ ಕವರು ಎನ್ನುತ್ತಾರೆ. ನಮ್ಮ ದೇಶದ ಮಾನಕ ಸಂಹಿತೆ ಐ.ಎಸ್. 456, ಅದರ 2000ನೆಯ ಇಸವಿಯ ಆವೃತ್ತಿಯಲ್ಲಿ, ಕಡಲ ಗಾಳಿಗೆ ಒಡ್ಡಿದ ಕಾಂಕ್ರೀಟಿಗೆ 45 ಮಿಲಿಮೀಟರು, ಉಪ್ಪು ನೀರಿನ ತುಂತುರು ಬಡಿಯುವ ಕಡೆ 50, ಭರತ ಇಳಿತಗಳ ನಡುವೆ ನಿಲ್ಲುವ ಭಾಗಕ್ಕೆ 75 ಎಂದು ಬರೆದಿಟ್ಟಿದೆ. ನೀರು ಎಷ್ಟು, ಸಿಮೆಂಟು ಎಷ್ಟು ಎಂಬುದನ್ನೂ ಬರೆದಿದೆ: ಕಡಲ ಗಾಳಿಯ ಕಡೆ ನೂರು ಕಿಲೋ ಸಿಮೆಂಟಿಗೆ ನಲವತ್ತೈದು ಕಿಲೋಗೆ ಮೀರದಷ್ಟು ನೀರು, ಭರತ ಇಳಿತದ ಭಾಗದಲ್ಲಿ ನಲವತ್ತಕ್ಕೆ ಮೀರದಷ್ಟು. ಭಾರತೀಯ ರಸ್ತೆ ಕಾಂಗ್ರೆಸ್ಸು (ಇದು ಮತ ಕೇಳುವ ಕಾಂಗ್ರೆಸ್ಸಲ್ಲ, ಇಂಜಿನಿಯರರದು) ತನ್ನ 112ನೆಯ ಸಂಹಿತೆಯಲ್ಲಿ ಸಾಮಾನ್ಯ ಸೇತುವೆಯ ಆಯುಷ್ಯವನ್ನು 100 ವರ್ಷವೆಂದು ಹಿಡಿದಿದೆ. ಅಂದರೆ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿದೆ. ಪುಸ್ತಕ ಸೇತುವೆ ಕಟ್ಟುವುದಿಲ್ಲವಷ್ಟೆ!

ಕಟ್ಟುವ ಜಾಗಕ್ಕೆ ಬನ್ನಿ. ಸರಳು ಮಣೆಗೆ ಅಂಟದಿರಲೆಂದು ಅಡಿಯಲ್ಲಿ ಸಿಮೆಂಟಿನ ಚಿಕ್ಕ ಬಿಲ್ಲೆಗಳನ್ನು ಇಡಬೇಕು. ಬಿಲ್ಲೆ ಸಾಲದೆ ಹೋದರೆ ಮೇಸ್ತ್ರಿ ಒಂದು ಜಲ್ಲಿ ಚೂರು ತುರುಕುತ್ತಾನೆ. ಕಾಂಕ್ರೀಟು ಹಾಕುವವರು ಸರಳಿನ ಮೇಲೆ ನಡೆಯುತ್ತಾರೆ, ಚೂರು ಜಾರುತ್ತದೆ, ಸರಳು ಕೆಳಗೆ ಕೂರುತ್ತದೆ. 50 ಇರಬೇಕಾದ ಕವರು 25 ಆಗುತ್ತದೆ. ಒಂದಂಗುಲ ಹೋಯಿತು, ಏನು ಮಹಾ ಎನ್ನಬೇಡಿ. ಉಪ್ಪು ಕಾಂಕ್ರೀಟಿನಲ್ಲಿ ಇಳಿಯುವ ಲೆಕ್ಕ ಅಂಗಡಿಯ ಲೆಕ್ಕದ ಹಾಗಲ್ಲ. ದಪ್ಪ ಅರ್ಧವಾದರೆ ಉಪ್ಪು ಸರಳನ್ನು ಮುಟ್ಟುವ ಕಾಲ ಅರ್ಧವಾಗುವುದಿಲ್ಲ, ನಾಲ್ಕನೆಯ ಒಂದು ಪಾಲಾಗುತ್ತದೆ. 40 ವರ್ಷ ತಡೆಯಬೇಕಾದ ಗೋಡೆ 10 ವರ್ಷಕ್ಕೆ ಸೋಲುತ್ತದೆ. ಒಂದಂಗುಲದ ಕಳವಿಗೆ 30 ವರ್ಷದ ದಂಡ!

ಇನ್ನೊಂದು ಕಳವು ನೀರಿನದು. ಗಟ್ಟಿ ಕಾಂಕ್ರೀಟನ್ನು ಹರಡಲು ಹೆಚ್ಚು ಆಳು ಬೇಕು, ಹೆಚ್ಚು ಹೊತ್ತು ಬೇಕು. ಎರಡು ಕೊಡ ನೀರು ಹೆಚ್ಚಿಗೆ ಸುರಿದರೆ ಗಂಜಿಯಂತೆ ಹರಿಯುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆ ಹೆಚ್ಚುವರಿ ನೀರು ಆರಿದ ಮೇಲೆ ಉಳಿಯುವುದು ರಂಧ್ರ. ರಂಧ್ರವೇ ಉಪ್ಪಿನ ಹೆದ್ದಾರಿ. ಮೂರನೆಯದು ಕ್ಯೂರಿಂಗಿನ ಕಳವು: ದಿನಗಟ್ಟಲೆ ನೆನೆಗೋಣಿ ಹೊದಿಸಿ ನೀರುಣಿಸಬೇಕಾದಲ್ಲಿ ಮೂರು ದಿನಕ್ಕೆ ಪಂಪು ಎತ್ತಿಕೊಂಡು ಹೋಗುವುದು. ನಾಲ್ಕನೆಯದು ಹೊಳೆಬಾಯಿಯ ಉಪ್ಪು ಮರಳನ್ನು ಸರಿಯಾಗಿ ತೊಳೆಯದೆ ಬೆರೆಸುವುದು. ಇದು ಕಳ್ಳನಿಗೆ ಮನೆಯೊಳಗೇ ಹಾಸಿಗೆ ಹಾಸಿಕೊಟ್ಟ ಹಾಗೆ.

ಕಟ್ಟಿದ ಮೇಲಿನ ಅಲಕ್ಷ್ಯ ಬೇರೆ. ಮೇಲ್ಹಾಸಿಗೆ ಇಳುಕಲು ಇರಬೇಕು, ಮಳೆನೀರು ಹೋಗಲು ಕೊಳವೆ ಇರಬೇಕು, ಡಾಂಬರಿನ ಅಡಿಯಲ್ಲಿ ನೀರು ತಡೆಯುವ ಪದರ ಇರಬೇಕು, ಎರಡು ಹಾಸುಗಳ ಸಂದಿನಲ್ಲಿ ನೀರು ಸೋರದ ಜೋಡಣೆ ಇರಬೇಕು. ನಮ್ಮ ಕಣ್ಣಿಗೆ ಬೀಳುವುದೇನು? ಕೊಳವೆಯಲ್ಲಿ ಹುಲ್ಲು ಬೆಳೆದಿರುತ್ತದೆ, ನೀರು ಕೆರೆಯಾಗಿ ನಿಂತಿರುತ್ತದೆ. ಪ್ರತಿ ಚುನಾವಣೆಗೆ ಮುಂಚೆ ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಬೀಳುತ್ತದೆ. ಅದರಿಂದ ಕೊಳವೆಯ ಬಾಯಿ ಮುಚ್ಚುತ್ತದೆ, ಸೇತುವೆಯ ಮೇಲೆ ಬೇಡದ ಭಾರ ಕೂರುತ್ತದೆ. ಸಂದಿನ ರಬ್ಬರು ಹರಿದು ನೀರು ತೊಲೆಯ ತುದಿಗೆ ಸುರಿಯುತ್ತದೆ.

ಈ ಎಲ್ಲದಕ್ಕೆ ಆಳುಕೂಲಿಯವನನ್ನು ಹಳಿಯುವುದು ಸುಲಭ, ಹಳಿಯುವವರೂ ಇದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಕವರು ಎಷ್ಟಿರಬೇಕೆಂದು ಸರಳು ಕಟ್ಟುವವನಿಗೆ ಹೇಳಿಕೊಟ್ಟವರು ಯಾರು? ನೀರು ಹೆಚ್ಚಾಯಿತೆಂದು ಆತ ಬಾಯಿ ತೆರೆದರೆ ಮರುದಿನ ಆತನಿಗೆ ಕೆಲಸವಿದೆಯೆ? ಒಂದು ಕಂತ್ರಾಟಿನ ಕೆಳಗೆ ಇನ್ನೊಂದು ಉಪಕಂತ್ರಾಟು, ಅದರ ಕೆಳಗೆ ಮತ್ತೊಂದು. ಹೀಗೆ ಮೂರು ಕೈ ದಾಟಿ ಬಂದ ದರದಲ್ಲಿ ಬಿಲ್ಲೆಗೆ, ಗೋಣಿಗೆ, ನೀರಿಗೆ ಉಳಿಯುವುದು ಏನು? ಯಾರ ದರ ಅತಿ ಕಡಿಮೆಯೋ ಅವರಿಗೆ ಕೆಲಸವೆಂಬುದು ನಿಯಮ. ಕಂತ್ರಾಟುದಾರರ ಹೊಣೆಯ ಅವಧಿ ಬೆರಳೆಣಿಕೆಯ ವರ್ಷಗಳದು. ತುಕ್ಕು ಮುಖ ತೋರಿಸುವುದು ಆ ಅವಧಿ ಮುಗಿದು ಠೇವಣಿ ಮರಳಿ ಹೋದ ಮೇಲೆ. ಗಡುವು ಮುಗಿದ ಸಾಲಕ್ಕೆ ಯಾವ ಸಾಹುಕಾರನೂ ಹೆದರುವುದಿಲ್ಲ.

ಬಡ ದೇಶಕ್ಕೆ ದುಬಾರಿಯೆ?

“ನೀವು ಹೇಳುವುದೆಲ್ಲ ಸರಿ, ಆದರೆ ನಮ್ಮದು ಬಡ ದೇಶ, ತುಕ್ಕು ಹಿಡಿಯದ ಸೇತುವೆ ಕಟ್ಟಲು ದುಡ್ಡೆಲ್ಲಿದೆ?” ಎಂಬುದು ಎರಡನೆಯ ವಾದ. ಇದು ಬಡವರ ಹೆಸರಿನಲ್ಲಿ ಬಡವರನ್ನು ಕೊಲ್ಲುವ ವಾದ.

ಡಿ ಸಿಟ್ಟರ್ ಎಂಬ ಇಂಜಿನಿಯರು 1984ರಲ್ಲಿ ಒಂದು ಲೆಕ್ಕ ಹೇಳಿದರು. ಅದನ್ನು ಐದರ ಸೂತ್ರವೆನ್ನುತ್ತಾರೆ. ಕಟ್ಟುವಾಗ 1 ರೂಪಾಯಿ ಹಾಕಿ ಸರಿಯಾಗಿ ಮಾಡಬೇಕಾದುದನ್ನು ಬಿಟ್ಟರೆ, ತುಕ್ಕು ಆರಂಭವಾಗುವ ಮೊದಲೇ ಸರಿಪಡಿಸಲು 5 ರೂಪಾಯಿ ಬೇಕು. ತುಕ್ಕು ಹಿಡಿದ ಮೇಲೆ 25. ಹರಡಿದ ಮೇಲೆ 125. ರಂಧ್ರ ಬಿದ್ದ ಕೊಡಕ್ಕೆ ಬೆಸುಗೆ ಹಾಕಿಸುವ ನಮ್ಮ ತಾಯಂದಿರಿಗೆ ಈ ಸೂತ್ರ ಡಿ ಸಿಟ್ಟರರಿಗಿಂತ ಮೊದಲೇ ಗೊತ್ತಿತ್ತು. ಹಾಗಾದರೆ ಬಡ ದೇಶಕ್ಕೆ ದುಬಾರಿ ಯಾವುದು, 1 ರೂಪಾಯಿಯೋ, 125 ರೂಪಾಯಿಯೋ?

ಮೆಕ್ಸಿಕೊ ದೇಶವೇನೂ ಶ್ರೀಮಂತ ದೇಶವಲ್ಲ. ಅಲ್ಲಿನ ಪ್ರೊಗ್ರೆಸೊ ಬಂದರದಲ್ಲಿ 1937ರಿಂದ 1941ರ ತನಕ ಕಡಲೊಳಕ್ಕೆ ಕಾಂಕ್ರೀಟಿನ ಉದ್ದವಾದ ಧಕ್ಕೆಯನ್ನು ಕಟ್ಟಿದರು. ಸಾಮಾನ್ಯ ಸರಳಿನ ಬದಲು ಸ್ಟೇನ್‌ಲೆಸ್ ಉಕ್ಕಿನ ಸರಳು ಹಾಕಿದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಪರೀಕ್ಷಿಸಿದಾಗ ಸರಳುಗಳು ಗಟ್ಟಿಯಾಗಿಯೇ ಇದ್ದವು. ಅದರ ಪಕ್ಕದಲ್ಲಿ ದಶಕಗಳ ಅನಂತರ ಸಾಮಾನ್ಯ ಸರಳು ಹಾಕಿ ಕಟ್ಟಿದ ಇನ್ನೊಂದು ಧಕ್ಕೆ ಕುಸಿದು ಹೋಗಿ ಮೋಟು ಕಂಬಗಳು ಮಾತ್ರ ಉಳಿದವು. ಅದೇ ಕಡಲು, ಅದೇ ಗಾಳಿ, ಅದೇ ಉಪ್ಪು! ಉಪ್ಪನ್ನು ದೂಷಿಸುವ ಮಹನೀಯರು ಈ ಎರಡು ಧಕ್ಕೆಗಳನ್ನು ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟು ನೋಡಲಿ.

ಸ್ಟೇನ್‌ಲೆಸ್ ಸರಳಿನ ಬೆಲೆ ಸಾಮಾನ್ಯ ಸರಳಿನ ಹಲವು ಪಟ್ಟು, ನಿಜ. ಆದರೆ ಇಡೀ ಸೇತುವೆಗೆ ಅದನ್ನು ಹಾಕೆಂದು ಯಾರೂ ಹೇಳುತ್ತಿಲ್ಲ. ಉಪ್ಪು ಹೆಚ್ಚು ಬಡಿಯುವ ಭಾಗಕ್ಕೆ ಹಾಕಿದರೆ ಸಾಕು. ಅದಕ್ಕೆ ನಮ್ಮ ದೇಶದ್ದೇ ಆದ ಮಾನಕ 2017ರಿಂದ ಇದೆ. ರಾಮೇಶ್ವರದ ಹೊಸ ಪಾಂಬನ್ ರೈಲು ಸೇತುವೆಗೆ ಸ್ಟೇನ್‌ಲೆಸ್ ಸರಳು ಬಳಸಿದ್ದೇವೆಂದು 2025ರ ಏಪ್ರಿಲ್ 6ರ ಉದ್ಘಾಟನೆಯ ಹೊತ್ತಿಗೆ ಸರಕಾರವೇ ಹೆಮ್ಮೆಯಿಂದ ಹೇಳಿಕೊಂಡಿತು. ಪ್ರಧಾನಿಗಳು ಉದ್ಘಾಟಿಸುವ ಸೇತುವೆಗೆ ಸಲ್ಲುವ ಉಕ್ಕು ಮೀನುಗಾರ್ತಿ ಬುಟ್ಟಿ ಹೊತ್ತು ದಾಟುವ ಸೇತುವೆಗೆ ಏಕೆ ಸಲ್ಲದು?

ಹಾಗೆಂದು ಬಣ್ಣದ ಮಾತಿಗೂ ಮರುಳಾಗಬಾರದು. ಸರಳಿಗೆ ಎಪಾಕ್ಸಿ ಎಂಬ ಲೇಪ ಬಳಿದರೆ ತುಕ್ಕು ಬಾರದೆಂದು ಅಮೇರಿಕೆಯಲ್ಲಿ 1973ರಿಂದ ಸೇತುವೆಯ ಮೇಲ್ಹಾಸುಗಳಿಗೆ ಬಳಸತೊಡಗಿದರು. ಅಲ್ಲಿನ ಫ್ಲಾರಿಡಾದ ಕಡಲ ಸೇತುವೆಗಳ ಕಂಬಗಳಲ್ಲಿ ಹತ್ತು ವರ್ಷ ತುಂಬುವ ಮೊದಲೇ ಲೇಪದ ಅಡಿಯಲ್ಲಿ ತುಕ್ಕು ಕಂಡಿತು. ಸಾಗಿಸುವಾಗ, ಬಗ್ಗಿಸುವಾಗ ಲೇಪ ಗೀರಿದರೆ ಆ ಗೀರೇ ತುಕ್ಕಿಗೆ ಬಾಗಿಲು. ಕೆಲಸದ ನಿಷ್ಠೆಯಿಲ್ಲದೆ ಸಾಮಾನಿನ ಬಲದಿಂದ ಮಾತ್ರ ಸೇತುವೆ ನಿಲ್ಲುವುದಿಲ್ಲ.

ಅಗ್ಗದ ಮದ್ದು ನಮ್ಮ ನಾಡಿನಲ್ಲೇ ಬಿದ್ದಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರಖಾನೆಯಿಂದ ಹೊರಬೀಳುವ ಕಿಟ್ಟ, ರಾಯಚೂರಿನ ಶಕ್ತಿನಗರದ ವಿದ್ಯುತ್ ಕೇಂದ್ರದ ಹಾರುಬೂದಿ. ಕುಲುಮೆಯ ಕಿಟ್ಟವನ್ನು ಬೇಗ ತಣಿಸಿ ನುಣ್ಣಗೆ ಅರೆದು ಸಿಮೆಂಟಿನ ಅರ್ಧದಷ್ಟು ಪಾಲಿಗೆ ಬೆರೆಸಿದರೆ ಕಾಂಕ್ರೀಟಿನ ರಂಧ್ರಗಳು ಕಿರಿದಾಗುತ್ತವೆ, ಉಪ್ಪು ಒಳಗಿಳಿಯುವ ವೇಗ ಬಹಳ ತಗ್ಗುತ್ತದೆ. ಬೆಲೆಯೂ ಹೆಚ್ಚಲ್ಲ. ಆದರೆ ಇಂಥ ಕಾಂಕ್ರೀಟು ನಿಧಾನವಾಗಿ ಬಲಿಯುತ್ತದೆ, ಹೆಚ್ಚು ದಿನ ನೀರು ಬೇಡುತ್ತದೆ. ತಾಳ್ಮೆಯ ಕೆಲಸ. ಬಿಲ್ಲು ಬೇಗ ಪಾಸಾಗಬೇಕೆನ್ನುವವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಜಿನೋವಾದ ಪಾಠ, ಡ್ರೆಸ್ಡೆನ್ನಿನ ಪಾಠ

“ಸರಕಾರದ ಕೈಯಲ್ಲಿದ್ದರೆ ಎಲ್ಲವೂ ಹೀಗೆಯೇ, ಖಾಸಗಿಯವರ ಕೈಗೆ ಕೊಡಿ” ಎನ್ನುವವರೂ ಇದ್ದಾರೆ. ಅವರು ಇಟಲಿಯ ಜಿನೋವಾ ನಗರದ ಕಡೆ ನೋಡಬೇಕು. ರಿಕಾರ್ಡೊ ಮೊರಾಂಡಿ ಎಂಬ ಹೆಸರಾಂತ ಇಂಜಿನಿಯರರು ರಚಿಸಿದ ಸೇತುವೆ ಅಲ್ಲಿ 1967ರಲ್ಲಿ ತೆರೆಯಿತು. ಅದನ್ನು ಹಿಡಿದು ನಿಂತ ಉಕ್ಕಿನ ತಂತಿಗಳು ಕಾಂಕ್ರೀಟಿನೊಳಗೆ ಹುದುಗಿದ್ದವು. ಕಡಲ ಗಾಳಿಯೂ ಕಾರಖಾನೆಯ ಹೊಗೆಯೂ ಕಾಂಕ್ರೀಟನ್ನು ತಿನ್ನುತ್ತಿವೆಯೆಂದು ಕಟ್ಟಿದಾತನೇ 1979ರಲ್ಲಿ ಎಚ್ಚರಿಸಿದ್ದರು. 1990ರ ದಶಕದ ಆರಂಭದಲ್ಲಿ ಒಂದು ಗೋಪುರದ ತಂತಿಗಳನ್ನು ಬಲಪಡಿಸಿದರು, ಮಿಕ್ಕವು ಕಾದವು. 1999ರಲ್ಲಿ ಹೆದ್ದಾರಿ ಕಂಪನಿ ಖಾಸಗಿಯವರ ಪಾಲಾಯಿತು, ಸುಂಕದ ಹಣ ಹರಿದು ಬಂತು. 2018ರ ಆಗಸ್ಟ್ 14ರಂದು ಮಳೆ ಸುರಿಯುತ್ತಿದ್ದಾಗ, ಬಲಪಡಿಸದೆ ಬಿಟ್ಟಿದ್ದ ಒಂಬತ್ತನೆಯ ಗೋಪುರ ಕುಸಿಯಿತು. 43 ಜನ ಸತ್ತರು. 59 ಜನರ ಮೇಲೆ ನಡೆದ ಮೊಕದ್ದಮೆಯ ವಿಚಾರಣೆ ಆರಂಭವಾದದ್ದು 2022ರ ಜುಲೈಯಲ್ಲಿ. ಅದೇ ವರ್ಷ ಆ ಕಂಪನಿಯ ಒಡೆತನ ಮತ್ತೆ ಸರಕಾರದ ಬೆಂಬಲವಿದ್ದ ಕೂಟದ ಕೈ ಸೇರಿತು. ಮಾರಿದವರಿಗೆ ಶತಕೋಟಿಗಳ ಲೆಕ್ಕದಲ್ಲಿ ಹಣವೂ ಸಂದಿತು. ಲಾಭ ಅವರದು, ಹೆಣ ಜನರದು, ಕೊನೆಗೆ ಬೆಲೆಯನ್ನೂ ಜನರೇ ತೆತ್ತರು.

ಆದರೆ ಸಮಾಜವಾದಿಗಳಾದ ನಾವು ನಮ್ಮ ಕಣ್ಣಿಗೇ ಮಣ್ಣೆರಚಿಕೊಳ್ಳಬಾರದು. ಮಾಂಡವಿಯ ಸೇತುವೆ ಸರಕಾರದ್ದೇ. ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ 2024ರ ಸೆಪ್ಟೆಂಬರ್ 11ರ ನಸುಕಿನಲ್ಲಿ ಬಿದ್ದ ಕಾರೋಲಾ ಸೇತುವೆ, ಸಮಾಜವಾದಿ ಎಂದು ಹೇಳಿಕೊಳ್ಳುತ್ತಿದ್ದ ಪೂರ್ವ ಜರ್ಮನಿ 1971ರಲ್ಲಿ ಕಟ್ಟಿದ್ದು. ಕಟ್ಟುವ ಕಾಲದಲ್ಲೇ ತೇವ ತಗುಲಿ ಅದರೊಳಗಿನ ಬಿಗಿದ ಉಕ್ಕು ಸೂಕ್ಷ್ಮವಾಗಿ ಸೀಳಿತ್ತೆಂದು ಪರಿಣತರು ಕಂಡುಕೊಂಡರು. ದೈವವಶಾತ್ ಜೀವ ಹೋಗಲಿಲ್ಲ. ಉಕ್ಕಿಗೆ ಪಕ್ಷವಿಲ್ಲ, ತುಕ್ಕಿಗೂ ಇಲ್ಲ. ಒಡೆತನ ಸರಕಾರದ್ದು ಎಂಬ ಫಲಕ ಹಾಕಿದ ಮಾತ್ರಕ್ಕೆ ಸೇತುವೆ ಜನರದಾಗುವುದಿಲ್ಲ. ಜನರ ಕಣ್ಣು ಅದರ ಮೇಲಿದ್ದಾಗ, ಅದರ ಕಾಗದ ಜನರ ಕೈಗೆ ಸಿಕ್ಕಾಗ ಮಾತ್ರ ಅದು ಜನರದು. ಲಾಭಕೋರರ ಕತ್ತಲೆಯ ಬದಲು ಕಚೇರಿಯ ಕತ್ತಲೆ ಬಂದರೆ ದಾರಿಹೋಕನಿಗೆ ಬೆಳಕಾದೀತೆ?

ನಾವು ಕೇಳುವುದು ಇಷ್ಟು

ಕೇಂದ್ರ ಸರಕಾರ 2016ರಲ್ಲಿ ಹೆದ್ದಾರಿಗಳ ಸೇತುವೆ ಮೋರಿಗಳ ಲೆಕ್ಕ ತೆಗೆಯುವ ವ್ಯವಸ್ಥೆಯೊಂದನ್ನು ಆರಂಭಿಸಿತು. ಒಂದೂವರೆ ಲಕ್ಷಕ್ಕೂ ಮೀರಿ ಲೆಕ್ಕಕ್ಕೆ ಬಂದವು. ಒಂದೊಂದಕ್ಕೂ ಒಂದೊಂದು ಸಂಖ್ಯೆ ಬಿತ್ತು. ಒಳ್ಳೆಯ ಕೆಲಸ. ಆದರೆ ಖಾನೆಷುಮಾರಿ ಮಾಡಿದ ಮಾತ್ರಕ್ಕೆ ರೋಗಿ ಗುಣವಾಗುವುದಿಲ್ಲ. ಆದುದರಿಂದ ನಮ್ಮ ಬೇಡಿಕೆಗಳು:

ಒಂದು. ಪ್ರತಿ ಸೇತುವೆಯ ಎರಡು ತುದಿಯಲ್ಲೂ ಕನ್ನಡದಲ್ಲಿ ಫಲಕವಿರಬೇಕು: ಕಟ್ಟಿದ ವರ್ಷ, ಕಟ್ಟಿದವರು, ಒಪ್ಪಿದ ಇಂಜಿನಿಯರು, ಕೊನೆಯ ಪರೀಕ್ಷೆಯ ತಾರೀಖು, ಅದರ ಫಲಿತಾಂಶ. ಮಂತ್ರಿಗಳ ಹೆಸರಿಗೆ ಅಮೃತಶಿಲೆ ಸಿಗುವುದಾದರೆ ಈ ಐದು ಸಾಲಿಗೆ ತಗಡಾದರೂ ಸಿಗಬೇಕು.

ಎರಡು. ಹೊಸ ಮೇಲ್ಹಾಸು ಹಾಕಿದ ಕೂಡಲೆ ಕವರಿನ ದಪ್ಪವನ್ನು ಅಳೆದು, ಅಳತೆಯನ್ನು ಪ್ರಕಟಿಸಿದ ಮೇಲೆಯೇ ಬಿಲ್ಲು ಪಾಸಾಗಬೇಕು. ಒಡೆಯದೆ ಅಳೆಯುವ ಯಂತ್ರ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಇಲಾಖೆಯ ಒಂದು ಜೀಪಿನ ಬೆಲೆಯ ಮುಂದೆ ಅದರ ಬೆಲೆ ಏನೇನೂ ಅಲ್ಲ.

ಮೂರು. ಹಳೆಯ ಸೇತುವೆಗಳಿಗೆ ಮಳೆಗಾಲಕ್ಕೆ ಮುಂಚೆ ತುಕ್ಕಿನ ಪರೀಕ್ಷೆ ಆಗಬೇಕು. ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ ಸುತ್ತಿಗೆಯಿಂದ ತಟ್ಟಿದರೆ ಪೊಳ್ಳು ಕಾಂಕ್ರೀಟು ಸದ್ದಿನಿಂದಲೇ ತಿಳಿಯುತ್ತದೆ. ಶಾಲೆಯ ಪ್ರಯೋಗಶಾಲೆಯಲ್ಲಿರುವ ಫಿನಾಲ್ಫ್‌ಥಲೀನ್ ದ್ರವವನ್ನು ಆಗತಾನೆ ಒಡೆದ ಚಕ್ಕೆಗೆ ಹಚ್ಚಿದರೆ, ಸುಣ್ಣದ ಗುಣ ಉಳಿದಿದ್ದಲ್ಲಿ ಗುಲಾಬಿ ಬಣ್ಣ ಬರುತ್ತದೆ, ಅಳಿದಿದ್ದಲ್ಲಿ ಬಾರದು. ಇನ್ನು ಬಿಗಿದ ತಂತಿಗಳ ಪರೀಕ್ಷೆಗೆ ಪರಿಣತರು ಬೇಕು; ಅವರನ್ನು ಕರೆಸಲಿ.

ನಾಲ್ಕು. ಕಂತ್ರಾಟುದಾರರ ಹೊಣೆ ತುಕ್ಕಿನ ಕಾಲಕ್ಕೆ ಸರಿಯಾಗಿರಬೇಕು. ಕಡಲ ಸೀಮೆಯ ಸೇತುವೆಗೆ ಕನಿಷ್ಠ 25 ವರ್ಷ ಅವರ ಠೇವಣಿಯ ಒಂದು ಪಾಲು ಬೊಕ್ಕಸದಲ್ಲಿರಲಿ. ಟೆಂಡರು ನೋಡುವಾಗ ಇಂದಿನ ದರವನ್ನಲ್ಲ, ನೂರು ವರ್ಷದ ಖರ್ಚನ್ನು ಕೂಡಿಸಿ ನೋಡಲಿ.

ಐದು. ಕಟ್ಟುವ ಜಾಗದ ಕೂಲಿಕಾರರಿಗೆ ಕೆಲಸ ಕಲಿಸಬೇಕು. ತಪ್ಪು ಕಂಡಾಗ ಹೇಳಿದವನ ಕೆಲಸ ಹೋಗದಂತೆ ಕಟ್ಟುನಿಟ್ಟಾದ ರಕ್ಷಣೆ ಕೊಡಬೇಕು. ಸೇತುವೆಯ ಮೊದಲ ಇನ್ಸ್‌ಪೆಕ್ಟರ್ ಆತನೇ.

ಆರು. ಪೆಟ್ರೋಲು ಡೀಸೆಲಿನ ಮೇಲೆ ರಸ್ತೆಯ ಹೆಸರಿನಲ್ಲಿ ಎತ್ತುವ ಸೆಸ್ಸಿನಲ್ಲಿ ಹಳೆಯ ಸೇತುವೆಗಳ ಪಾಲನೆಗೆ ಮೀಸಲು ಪಾಲು ಬೇಕು. ಹೊಸದನ್ನು ಉದ್ಘಾಟಿಸಲು ಹಣವಿದ್ದು ಇದ್ದದ್ದನ್ನು ಉಳಿಸಲು ಹಣವಿಲ್ಲವೆಂಬ ಮಾತನ್ನು ನಾವು ಇನ್ನು ಕೇಳಲಾರೆವು.

ಇವುಗಳಲ್ಲಿ ಯಾವುದೂ ಆಕಾಶದ ಹಣ್ಣಲ್ಲ. ಯಾವುದಕ್ಕೂ ವಿದೇಶದ ಸಾಲ ಬೇಡ.

ಓದುಗ ಬಾಂಧವರೂ ಒಂದು ಕೆಲಸ ಮಾಡಬೇಕು. ನಮ್ಮಲ್ಲಿ 2005ರ ಮಾಹಿತಿ ಹಕ್ಕಿನ ಕಾಯಿದೆ ಇದೆ. ಹತ್ತು ರೂಪಾಯಿಯ ಶುಲ್ಕ, ಒಂದು ಬಿಳಿ ಹಾಳೆ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕೆಂಬುದು ನಿಯಮ. ನಿಮ್ಮ ಊರ ಸೇತುವೆಯನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದರು, ಏನು ಕಂಡರು, ಏನು ಮಾಡಿದರು ಎಂದು ಈ ಮೂರೇ ಪ್ರಶ್ನೆ ಬರೆಯಿರಿ. ಗಿರಣಿಯ ಸಂಘದಲ್ಲಿ ಹತ್ತು ಜನ ಕೂಡಿ ಒಂದೊಂದು ಸೇತುವೆಯನ್ನು ಹಂಚಿಕೊಳ್ಳಿ. ಪೇಟೆಯ ವರ್ತಕ ಮಿತ್ರರು ತಮ್ಮ ಸರಕು ಬರುವ ದಾರಿಯ ಸೇತುವೆಗಳ ಪಟ್ಟಿ ಮಾಡಿರಿ. ಭಾನುವಾರ ಸೇತುವೆಯ ಅಡಿಗೆ ಇಳಿದು ತಲೆಯೆತ್ತಿ ನೋಡಿರಿ. ಕಂದು ಕಲೆ ಇದೆಯೆ? ಚಕ್ಕೆ ಉದುರಿದೆಯೆ? ಸರಳು ಕಾಣುತ್ತದೆಯೆ? ಕಂಡದ್ದನ್ನು ಬರೆದು ಕಳಿಸಿರಿ. ಈ ಪತ್ರಿಕೆ ಅಚ್ಚು ಹಾಕುತ್ತದೆ. ಬಂದ ಉತ್ತರವನ್ನೂ ಅಚ್ಚು ಹಾಕುತ್ತದೆ, ಬಾರದ ಉತ್ತರವನ್ನೂ ಅಚ್ಚು ಹಾಕುತ್ತದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂದು ನಮ್ಮ ಹಿರಿಯರ ಗಾದೆ. ಸೇತುವೆಯ ವಿಷಯದಲ್ಲಿ ಮಾತ್ರ ಈ ಗಾದೆ ತಲೆಕೆಳಗಾಗಿದೆ. ಒಂದಂಗುಲ ಕದ್ದವರು, ಕಣ್ಣು ಮುಚ್ಚಿ ಸಹಿ ಹಾಕಿದವರು, ಡಾಂಬರು ಬಳಿದು ಮತ ಬಾಚಿದವರು ದಡದ ಮೇಲೆ ಒಣಗಿದ ಬಟ್ಟೆಯಲ್ಲಿ ನಿಂತಿದ್ದಾರೆ. ನಡುರಾತ್ರಿ ಹೊಳೆಯ ನೀರು ಕುಡಿದವನು ಯಾವ ಉಪ್ಪನ್ನೂ ತಿನ್ನದ ಲಾರಿ ಚಾಲಕ. ಈ ಗಾದೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ನಿಮ್ಮ ನಮ್ಮ ಕೆಲಸ. ಮುಂದಿನ ಮಳೆಗಾಲ ಬರುವ ಮೊದಲು ಅದನ್ನು ಆರಂಭಿಸೋಣ.